ಗಾದಿಗಳ ಕೆಳಗಿನ ರಸ್ತೆ

ನಮ್ಮೂರಿನಲ್ಲಿ ಹೋದ ದಾರಿಯಲ್ಲೇ ಅದೇ ದಿನ ವಾಪಸು ಬರಲು ಆಗುವುದಿಲ್ಲ. ಬಂದೇ ಬರುತ್ತೇನೆಂದು ಹಟ ಹಿಡಿದು ತಿರುಗಿ ನಡೆದರೆ ನಡೆಯುತ್ತಲೇ ಇರುತ್ತೀರಿ, ಕೊನೆಗೆ ಎಲ್ಲಿ ತಿರುಗಿದ್ದಿರೋ ಅಲ್ಲೇ ನಿಂತಿರುತ್ತೀರಿ. ಮರುದಿನ ಸೂರ್ಯ ಹುಟ್ಟಿದ ಮೇಲೆ ಆ ದಾರಿ ಮತ್ತೆ ಎರಡೂ ದಿಕ್ಕಿಗೆ ಬಿಡುತ್ತದೆ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸುತ್ತದೆ, ನಮಗೆ ರೂಢಿ. ಇಲ್ಲಿಯ ಮನೆಗಳಿಗೆ ಎರಡು ಬಾಗಿಲು, ಎರಡು ಬೀದಿಗೆ. ಹೆಣ್ಣು ನೋಡಲು ಬಂದವರು ಹಿತ್ತಲ ಬಾಗಿಲು ಯಾವ ಕಡೆಗೆಂದು ಮೊದಲು ವಿಚಾರಿಸುತ್ತಾರೆ. ತರಕಾರಿ ಮಾರುವವಳನ್ನು ಬದನೆಕಾಯಿ ಬೇಡವೆಂದು ಮುಂದೆ ಕಳಿಸಿ ಆಮೇಲೆ ಮನಸ್ಸು ಬದಲಿಸಿದರೆ ಕೂಗಿ ಪ್ರಯೋಜನವಿಲ್ಲ, ನಾಳೆಯವರೆಗೆ ಕಾಯಬೇಕು.

ಎಲೆಕ್ಟ್ರಿಕ್ ಬೈಕುಗಳು ಬಂದಾಗ ಊರಿನವರು ಮೊದಮೊದಲು ಬಹಳ ಪೇಚಾಡಿದರು. ಹೋಗುವ ದಾರಿ ಹತ್ತಿರ, ಬರುವ ದಾರಿ ಸುತ್ತು. ಚಾರ್ಜ್ ಅರ್ಧ ಖಾಲಿಯಾಗುವವರೆಗೆ ಹೋದವರು ಉಳಿದರ್ಧದಲ್ಲಿ ಮನೆ ಮುಟ್ಟುತ್ತಿರಲಿಲ್ಲ. ಸೀರೆಯ ಸೆರಗು ಸಿಕ್ಕಿಸಿಕೊಂಡು ಗಾಡಿ ತಳ್ಳುತ್ತಿದ್ದ ಹೆಂಗಸರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಫೋನಿನ ನಕ್ಷೆಯನ್ನು ಹ್ಯಾಂಡಲ್ಲಿಗೆ ಕಟ್ಟಿಕೊಳ್ಳುವುದು ಶುರುವಾದ ಮೇಲೆ ಎಲ್ಲ ಸಲೀಸಾಯಿತು. ನೀವು ಹಾದು ಬಂದ ರಸ್ತೆಯನ್ನೆಲ್ಲ ಉಪಗ್ರಹ ಮೇಲಿನಿಂದ ನೋಡುತ್ತಿರುತ್ತದೆ, ಫೋನು ಅದಕ್ಕೆ ನೀಲಿ ಗೆರೆ ಎಳೆಯುತ್ತ ಹೋಗುತ್ತದೆ. ನೀಲಿಯನ್ನು ಬಿಟ್ಟು ಬೇರೆ ದಾರಿ ಹುಡುಕು ಎಂದು ಒಮ್ಮೆ ಹೇಳಿಟ್ಟರೆ ಸಾಕು. ನಾನು ಪಾರ್ಸೆಲ್ ಮುಟ್ಟಿಸುವ ಕೆಲಸದಲ್ಲಿದ್ದೆ, ಈಗಲೂ ಇದ್ದೇನೆ. ಅದರ ಜೊತೆಗೆ ಊರಿನ ಹೆಂಗಸರಿಗೆ ಗಾಡಿಯನ್ನೂ ನಕ್ಷೆಯನ್ನೂ ಕಲಿಸುತ್ತೇನೆ. ನಾನು ಕಲಿಸಿದವರು ದಾರಿಯಲ್ಲಿ ಗಾಡಿ ತಳ್ಳಿದ್ದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ.

ನಾನು ಮದುವೆಯಾಗಿ ಬಂದದ್ದು ಹಳೇಪೇಟೆಯ ಅರಳೆ ಓಣಿಗೆ. ಓಣಿಯ ಬಾಯಿ ಹಳೇಪೇಟೆಗೆ, ಕೊನೆ ಸ್ಟೇಷನ್ ರಸ್ತೆಗೆ. ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಇಲ್ಲಿಯ ಮನೆಗಳಿಗೆ ಮಾತ್ರ ಹಿತ್ತಲ ಬಾಗಿಲಿಲ್ಲ. ಕೊನೆಯ ಮನೆ ಗಾದಿ ಫಕೀರಪ್ಪನದು. ಅರಳೆ ತುಂಬಿ ಗಾದಿ, ತಲೆದಿಂಬು ಹೊಲಿದು ಮಾರುವ ಮನುಷ್ಯ. ಅವನ ಮನೆಯ ಪಕ್ಕದಲ್ಲಿ ಗಾಡಿ ಹೋಗುವಷ್ಟು ಅಗಲದ ಸಂದಿ ಇತ್ತು. ಜಾಗ ಅವನದೇ, ಆದರೆ ಓಣಿಯವರೆಲ್ಲ ಅದರಲ್ಲೇ ದಾಟಿ ಸ್ಟೇಷನ್ ರಸ್ತೆ ಸೇರುತ್ತಿದ್ದರು. ಸಂದಿ ದಾಟಿದ ತಕ್ಷಣ ಎಡಕ್ಕೆ ಅವನ ಅಕ್ಕ ಬಾಳವ್ವನ ಖಾನಾವಳಿ. ಬಾಳವ್ವ ದಿನಾ ಮಧ್ಯಾಹ್ನ ಸಂದಿಯಿಂದ ಬಂದು ತಮ್ಮನಿಗೂ ಅವನ ಹೆಂಡತಿಗೂ ಬಿಸಿ ರೊಟ್ಟಿ ಕೊಟ್ಟು, ಓಣಿಯವರನ್ನೆಲ್ಲ ಮಾತಾಡಿಸಿಕೊಂಡು ಹಳೇಪೇಟೆಯ ಸುತ್ತು ಹಾಕಿ ಮನೆಗೆ ಹೋಗುತ್ತಿದ್ದಳು.

ಫಕೀರಪ್ಪನ ಹೆಂಡತಿ ತೀರಿಕೊಂಡ ದಿನ, ಹೆಣ ಇನ್ನೂ ಎತ್ತಿರಲಿಲ್ಲ, ಬಾಳವ್ವ ಎಲ್ಲರ ಮುಂದೆ ತಮ್ಮನಿಗೆ ಅಂದುಬಿಟ್ಟಳು: "ಜಡ್ಡಿನಿಂದ ಸತ್ತಿಲ್ಲೋ ಆಕಿ. ಈ ಮನ್ಯಾಗ ಒಂದ್ ಮಾತಾಡೋರ್ ಇಲ್ಲದ ಸತ್ಲು." ಫಕೀರಪ್ಪ ಆಗಲೂ ಏನೂ ಅನ್ನಲಿಲ್ಲ. ಕರ್ಮಾಂತರಗಳೆಲ್ಲ ಮುಗಿದ ಮೇಲೆ ಗೌಂಡಿಯನ್ನು ಕರೆಸಿ ಸಂದಿಯ ಮೇಲೆ ಗೋಡೌನು ಕಟ್ಟಿಸಿದ. ಈ ಕಡೆ ತನ್ನ ಮನೆಯೊಳಗಿಂದ ಬಾಗಿಲು, ಆ ಕಡೆ ಸ್ಟೇಷನ್ ರಸ್ತೆಗೆ ಶಟರು, ಮೇಲೆ ಬೂದು ಬಣ್ಣದ ತಗಡು. ಶಟರಿಗೆ ಒಳಗಿನಿಂದ ಬೀಗ ಜಡಿದು, ಇದ್ದ ಗಾದಿಗಳನ್ನೆಲ್ಲ ಒಳಗೆ ಜಂತಿಯವರೆಗೆ ಒಟ್ಟಿದ. ವ್ಯಾಪಾರವನ್ನೂ ನಿಲ್ಲಿಸಿದ. ಕಟ್ಟೆಯ ಮೇಲೆ ಕೂತು ಓಣಿ ನೋಡುವುದೇ ಅವನ ಉದ್ಯೋಗವಾಯಿತು.

ನಮ್ಮೂರಿನಲ್ಲಿ ಕೊನೆ ಮುಚ್ಚಿದ ಓಣಿ ಎಂದರೆ ಏನೆಂದು ಬಿಡಿಸಿ ಹೇಳಬೇಕು. ಓಣಿಯೊಳಗೆ ಮನೆಯಿಂದ ಮನೆಗೆ ಓಡಾಡಲು ಅಡ್ಡಿಯಿಲ್ಲ, ಓಣಿಯ ಬಾಯಿ ದಾಟಿದರೆ ಮಾತ್ರ ಕಟ್ಟು. ಬೆಳಿಗ್ಗೆ ಹೊರಗೆ ಹೋದವರು ಆ ದಿನ ಮನೆಗೆ ಬರುವಂತಿಲ್ಲ. ಮರುದಿನ ಬೆಳಕಾದ ಮೇಲೆ ಬರಬಹುದು. ಬಂದರೆ ಆ ದಿನ ಹೊರಗೆ ಹೋಗುವಂತಿಲ್ಲ. ನನ್ನ ಗಂಡ ಅಡಿವೆಪ್ಪನದು ಊರಿಗೆ ನೀರು ಬಿಡುವ ಕೆಲಸ. ಅವನು ಒಂದು ದಿನ ಹೊರಗೆ, ಒಂದು ದಿನ ಒಳಗೆ. ನಮ್ಮ ಭಾಗಕ್ಕೆ ದಿನ ಬಿಟ್ಟು ದಿನ ನೀರು ಬರತೊಡಗಿದ್ದು ಆಗಿನಿಂದಲೇ. ನಮ್ಮ ಮಗಳು ಸುಗಲಾ ಆಗ ಎಳೆಗೂಸು. ಅವಳ ಜೊತೆ ಯಾರಾದರೂ ಒಬ್ಬರು ಮನೆಯಲ್ಲಿರಬೇಕು. ಹಾಗಾಗಿ ಅವನು ಹೊರಗಿದ್ದ ದಿನ ನಾನು ಮನೆಯಲ್ಲಿ, ನಾನು ಹೊರಗಿದ್ದ ದಿನ ಅವನು ಮನೆಯಲ್ಲಿ. ಅವನು ಪಂಪ್‌ಹೌಸಿನಲ್ಲಿ ಮಲಗುತ್ತಿದ್ದ, ನಾನು ಚಾರ್ಜಿಂಗ್ ಸ್ಟೇಷನ್ನಿನ ಹೆಂಗಸರ ಕೋಣೆಯಲ್ಲಿ. ಬೆಳಿಗ್ಗೆ ಓಣಿಯ ಬಾಯಲ್ಲಿ ಗಂಡ ಹೆಂಡತಿ ಎದುರಾಗುತ್ತಿದ್ದೆವು. ಕೂಸನ್ನು ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಳ್ಳುವಾಗ ಹಾಲು ಕುಡಿದಳೇ, ಕೆಮ್ಮು ಹೇಗಿದೆ ಎಂದು ಕೇಳುವಷ್ಟು ಹೊತ್ತು. ಅವಳು ನಡೆಯುವುದನ್ನು ಕಲಿತದ್ದೂ ಮಾತು ಕಲಿತದ್ದೂ ನಮ್ಮಿಬ್ಬರಿಗೂ ಅರ್ಧರ್ಧವೇ ಗೊತ್ತು. ಓಣಿಯ ಬಹಳ ಮನೆಗಳ ಪಾಡು ಹೀಗೆಯೇ ಇತ್ತು. ಹಿರಿಯರು ಹೋಗಿ ಫಕೀರಪ್ಪನಿಗೆ ಹೇಳಿ ನೋಡಿದರು. ಅವನು ಕೇಳಿಸಿಕೊಂಡ, ಚಹಾ ಕೊಟ್ಟು ಕಳಿಸಿದ.

ಅಷ್ಟರಲ್ಲಿ ಇನ್ನೊಂದು ತಮಾಷೆ ಶುರುವಾಯಿತು. ಫೋನಿನ ನಕ್ಷೆಯಲ್ಲಿ ಸಂದಿ ಇನ್ನೂ ಇತ್ತು. ಮೇಲಿನಿಂದ ನೋಡುವ ಉಪಗ್ರಹಕ್ಕೆ ಗೋಡೌನಿನ ಬೂದು ತಗಡೂ ಬೂದು ರಸ್ತೆಯೂ ಒಂದೇ. ಹಳೇಪೇಟೆಯಿಂದ ಸ್ಟೇಷನ್ ಕಡೆಗೆ ಹೊರಟ ಅಪರಿಚಿತರಿಗೆಲ್ಲ ಅದು ನಮ್ಮ ಓಣಿಯನ್ನೇ ತೋರಿಸುತ್ತಿತ್ತು. ಮೊದಲು ಬಂದವನು ಹುಟ್ಟುಹಬ್ಬದ ಕೇಕು ಹೊತ್ತವನು. ಫಕೀರಪ್ಪನ ಕಟ್ಟೆಯ ಮುಂದೆ ಬ್ರೇಕು ಹಾಕಿ, ಗೋಡೆ ನೋಡಿದ, ಫೋನು ನೋಡಿದ, ಮತ್ತೆ ಗೋಡೆ ನೋಡಿದ. ಹಿಂದಕ್ಕೆ ಹೋಗುವಂತಿಲ್ಲ. ಇಂಥವರಿಗೆ ಯಾರ ಬಾಗಿಲ ಮುಂದೆ ದಾರಿ ಮುಗಿಯಿತೋ ಆ ಮನೆಯವರು ಅವರನ್ನು ಬೆಳಗಿನವರೆಗೆ ಇಟ್ಟುಕೊಂಡು ಉಣಿಸಿ ಕಳಿಸಬೇಕು. ಇದು ಊರಿನ ಪದ್ಧತಿ, ಯಾರೂ ಮೀರಿದ್ದಿಲ್ಲ. ಫಕೀರಪ್ಪ ಎದ್ದು ಒಳಗೆ ಹೋಗಿ ಗೋಡೌನಿನಿಂದ ಒಂದು ಗಾದಿ ಎಳೆದು ತಂದು ಪಡಸಾಲೆಯಲ್ಲಿ ಹಾಸಿದ. ಆ ರಾತ್ರಿ ಓಣಿಯವರೆಲ್ಲ ಕೇಕು ತಿಂದೆವು.

ಆಮೇಲೆ ಮದುವೆಯ ಫೋಟೋದವನು ಬಂದ. ವಿಮೆ ಮಾಡಿಸುವ ಇಬ್ಬರು ಹೆಂಗಸರು ಬಂದರು. ಎಮ್ಮೆಗೆ ಔಷಧಿ ಹಾಕಲು ಹೊರಟಿದ್ದ ದನದ ಡಾಕ್ಟರು ಬಂದರು. ಎಲೆಕ್ಟ್ರಿಕ್ ಬೈಕು ಸದ್ದು ಮಾಡುವುದಿಲ್ಲವಾದ್ದರಿಂದ ಯಾರೋ ಬರುತ್ತಿದ್ದಾರೆಂದು ಮೊದಲೇ ತಡೆಯಲೂ ಆಗುತ್ತಿರಲಿಲ್ಲ. ಅಡಿವೆಪ್ಪ ಓಣಿಯ ಬಾಯಲ್ಲಿ 'ಮುಂದೆ ದಾರಿ ಇಲ್ಲ' ಎಂದು ಹಲಗೆ ಬರೆದು ನಿಲ್ಲಿಸಿದ. ಫೋನು ನೋಡುತ್ತ ಬರುವವರು ತಲೆ ಎತ್ತಿ ಹಲಗೆ ಓದುವುದುಂಟೇ?

ಒಂದು ಬೆಳಿಗ್ಗೆ ಕೂಸನ್ನು ತೆಗೆದುಕೊಳ್ಳುವಾಗ ಅವನು ಕೇಳಿದ: "ಕಸ್ತೂರಿ, ರಸ್ತಾ ಬಂದ್ ಐತಿ ಅಂತ ನಿನ್ನ ಫೋನಾಗ ಒಂದ್ ಸಲ ಒತ್ತಿದ್ರ ನಕ್ಷಾ ತಿದ್ದತಾರಂತಲ್ಲ?"

"ತಿದ್ದತಾರ. ಆದ್ರ ನಾ ಒತ್ತಂಗಿಲ್ಲ."

"ಯಾಕ? ಮಂದಿಗೆ ಎಷ್ಟ್ ತ್ರಾಸು."

"ಫೋನ್ ಹೇಳೋದು ಖರೇನ ಐತಿ. ಅಲ್ಲಿ ರಸ್ತಾ ಐತಿ. ಮ್ಯಾಲ ಗಾದಿ ಅದಾವ, ಅಷ್ಟ."

ಅವನು ನಕ್ಕ, ಆದರೆ ಒಪ್ಪಲಿಲ್ಲ. ಅವನು ಒಪ್ಪದಿದ್ದುದರಲ್ಲಿ ಅರ್ಥವಿತ್ತು. ಮರುವಾರವೇ ಮದುಮಗಳ ಕೈಗೆ ಮೆಹಂದಿ ಹಚ್ಚಲು ಹೊರಟಿದ್ದ ಹುಡುಗಿಯೊಬ್ಬಳು ಸಿಕ್ಕಿಕೊಂಡು, ಕಟ್ಟೆಯ ಮೇಲೆ ಕೂತು ಅತ್ತಳು. ನನಗೆ ನಕ್ಷೆ ತಿದ್ದಿಸುವುದು ಗೊತ್ತಿದೆ ಎಂದು ಯಾರೋ ಅವಳಿಗೆ ಹೇಳಿದ್ದರು. "ನಿಮಗ ಗೊತ್ತಿದ್ದೂ ಸುಮ್ಮಕ ಕುಂತೀರಿ" ಎಂದು ನನ್ನ ಮುಖಕ್ಕೇ ಅಂದಳು. ಅವಳ ಪರವಾಗಿ ನಾನು ಮದುವೆಯ ಮನೆಗೆ ಫೋನು ಮಾಡಿ, ನಾನು ಗಾಡಿ ಕಲಿಸಿದವರಲ್ಲಿ ಮೆಹಂದಿ ಬಲ್ಲ ಇನ್ನೊಬ್ಬಳನ್ನು ಕಳಿಸಿ ಕೆಲಸ ಕೆಡದಂತೆ ನೋಡಿಕೊಂಡೆ. ಆದರೆ ನಕ್ಷೆಯನ್ನು ತಿದ್ದಿಸಲಿಲ್ಲ. ತಿದ್ದಿಸಿದರೆ ಆ ಸಂದಿ ಭೂಮಿಯ ಮೇಲೂ ಇಲ್ಲ, ಆಕಾಶದಲ್ಲೂ ಇಲ್ಲ ಎಂದಾಗುತ್ತಿತ್ತು. ಆಮೇಲೆ ಅದನ್ನು ಕೇಳುವವರು ಯಾರು?

ಮನೆಯಲ್ಲಿದ್ದ ದಿನಗಳಲ್ಲಿ ನಾನು ಫಕೀರಪ್ಪನನ್ನು ಗಮನಿಸುತ್ತಿದ್ದೆ. ಮೊದಲು ಅತಿಥಿಗಳಿಗೆ ತಾಟು ಇಟ್ಟು ಸರಿದು ಕೂರುತ್ತಿದ್ದವನು, ಬರಬರುತ್ತ ಅವರ ಎದುರು ಕೂತು ಉಣ್ಣತೊಡಗಿದ. ಫೋಟೋದವನಿಂದ ಕ್ಯಾಮೆರಾ ಕೇಳಿ ಪಡೆದು ತನ್ನ ಗೋಡೆಯ ಫೋಟೋ ತೆಗೆದ. ದನದ ಡಾಕ್ಟರ ಜೊತೆ ಎಮ್ಮೆಯ ಹಾಲು ಯಾಕೆ ಕಡಿಮೆಯಾಗುತ್ತದೆಂದು ಹೊತ್ತು ಮುಳುಗುವವರೆಗೆ ವಾದ ಮಾಡಿದ. ಅವನಿಗೆ ಎಮ್ಮೆಯೇ ಇಲ್ಲ. ಹೆಂಡತಿ ಬದುಕಿದ್ದಾಗ ಆ ಮನೆಯಿಂದ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದು ಬರುತ್ತಿರಲಿಲ್ಲ, ಈಗ ಮಾತು ಕೇಳುತ್ತಿತ್ತು. ಬಂದವರು ಹೆಚ್ಚಾದ ದಿನ ಗಾದಿಗಳನ್ನು ನಮ್ಮ ಮನೆಗಳಿಗೂ ಕೊಟ್ಟು ಮಲಗಿಸುತ್ತಿದ್ದ, ವಾಪಸು ಕೇಳುತ್ತಿರಲಿಲ್ಲ. ಗೋಡೌನಿನ ಒಳಗೆ ನಾನು ಒಂದು ಸಲ ಇಣುಕಿದೆ. ಜಂತಿಯವರೆಗೆ ಇದ್ದ ರಾಶಿ ಎದೆಮಟ್ಟಕ್ಕೆ ಇಳಿದಿತ್ತು, ಆಚೆಯ ಶಟರಿನ ಸೀಳಿನಿಂದ ಬೆಳಕು ಬರುತ್ತಿತ್ತು.

ಆ ದಿನಗಳಲ್ಲೇ ಬಾಳವ್ವ ನನ್ನಲ್ಲಿಗೆ ಗಾಡಿ ಕಲಿಯಲು ಬಂದಳು. ಹಳೇಪೇಟೆಯ ಆಫೀಸುಗಳಿಗೆ ಊಟದ ಡಬ್ಬಿ ಒಯ್ಯುತ್ತಿದ್ದವನು ಕೆಲಸ ಬಿಟ್ಟಿದ್ದ. "ನಾನ ಒಯ್ತೀನಿ. ಕಲಸು" ಅಂದಳು. ಅರವತ್ತು ದಾಟಿದ ಹೆಂಗಸು, ದಪ್ಪ ಕನ್ನಡಕ, ಕೈಯಲ್ಲಿ ರೊಟ್ಟಿ ಬಡಿದ ಬಲ. ಸ್ಟೇಷನ್ ಹಿಂದಿನ ಮೈದಾನದಲ್ಲಿ ಕಲಿಸಿದೆ. ಗಾಡಿಯನ್ನು ಬೇಗ ಕಲಿತಳು, ಫೋನಿನ ಜೊತೆ ಜಗಳಕ್ಕೇ ನಿಲ್ಲುತ್ತಿದ್ದಳು. ಅದು ಎಡಕ್ಕೆ ಅಂದರೆ "ನಿನಗೇನ್ ಗೊತ್ತ ಈ ಊರು" ಎಂದು ಬಲಕ್ಕೆ ಹೋಗುತ್ತಿದ್ದಳು, ಕೊನೆಗೆ ತಾನು ಬಂದ ನೀಲಿ ಗೆರೆಗೇ ಸಿಕ್ಕಿಕೊಳ್ಳುತ್ತಿದ್ದಳು.

"ಬಾಳಕ್ಕಾ, ನಿಮಗ ಊರು ಗೊತ್ತೈತ್ರಿ. ಇವತ್ತ ನೀವು ಯಾವ ರಸ್ತಾ ತುಳದೀರಿ ಅನ್ನೋದು ಅದಕ್ಕ ಗೊತ್ತೈತಿ. ಅದು ಹೇಳಿದಂಗ ಹೋಗ್ರಿ."

"ಎಲ್ಲೇ ಹೋಗು ಅಂದ್ರೂ ಹೋಗಬೇಕೇನ?"

"ಎಲ್ಲೇ ಅಂದ್ರೂ."

ಅವಳು ನನ್ನ ಮುಖ ನೋಡಿದಳು. ಹಳೇಪೇಟೆಗೆ ಡಬ್ಬಿ ಕೊಟ್ಟು, ಚಾರ್ಜ್ ಕಡಿಮೆಯಾಗಿ, ಹತ್ತಿರದ ದಾರಿಯಿಂದ ಖಾನಾವಳಿಗೆ ಮರಳಬೇಕೆಂದರೆ ಫೋನು ಯಾವ ಓಣಿಯನ್ನು ಹೇಳುತ್ತದೆಂದು ನನಗೆ ಗೊತ್ತಿತ್ತು. ನಾನು ಅದನ್ನು ಅವಳಿಗೆ ಹೇಳಲಿಲ್ಲ. ಅವಳಿಗೆ ಗೊತ್ತಿತ್ತೋ ಇಲ್ಲವೋ, ಅವಳೂ ಕೇಳಲಿಲ್ಲ.

ಕೆಲವು ವಾರ ಅವಳು ಚಾರ್ಜ್ ತುಂಬಿಕೊಂಡೇ ಹೊರಟು ಕೆರೆಯ ಸುತ್ತು ಹಾಕಿ ಮನೆ ಸೇರಿದಳು. ಆಮೇಲೆ ಒಂದು ಸಂಜೆ, ನಾನು ಮನೆಯಲ್ಲಿದ್ದ ದಿನ, ಸುಗಲಾಳ ತಲೆ ಬಾಚುತ್ತಿದ್ದೆ. ಹೊರಗೆ ಹೆಣ್ಣುದನಿಯೊಂದು 'ನೇರವಾಗಿ ಮುಂದೆ ಸಾಗಿ' ಎನ್ನುವುದು ಕೇಳಿಸಿತು. ಯಾರೋ ಮತ್ತೊಬ್ಬರು ಬಂದರು ಎಂದುಕೊಂಡು ಬಾಗಿಲಿಗೆ ಬಂದೆ. ಹ್ಯಾಂಡಲ್ಲಿನ ಎರಡೂ ಕಡೆ ಖಾಲಿ ಡಬ್ಬಿಗಳನ್ನು ತೂಗಿಸಿಕೊಂಡು ಬಾಳವ್ವ ಓಣಿಯ ನಡುವೆ ಬರುತ್ತಿದ್ದಳು. ಆ ಓಣಿಯ ಕೊನೆಯ ಮನೆಯಲ್ಲಿ ಹುಟ್ಟಿದವಳು, ಅದರ ಒಂದೊಂದು ಮೆಟ್ಟಿಲೂ ಗೊತ್ತಿದ್ದವಳು, ಅತ್ತಿತ್ತ ನೋಡದೆ ಫೋನನ್ನೇ ನೋಡುತ್ತ ಬಂದು ಫಕೀರಪ್ಪನ ಕಟ್ಟೆಯ ಮುಂದೆ ನಿಲ್ಲಿಸಿದಳು.

'ನೇರವಾಗಿ ಮುಂದೆ ಸಾಗಿ' ಎಂದಿತು ಫೋನು.

ಫಕೀರಪ್ಪ ಎದ್ದು ನಿಂತ. ಓಣಿಯ ಬಾಗಿಲುಗಳಲ್ಲೆಲ್ಲ ಜನ.

"ಈ ಫೋನು ಇತ್ತಾಗ ಹೋಗು ಅಂತು. ಬಂದೆ" ಎಂದಳು ಬಾಳವ್ವ.

"ಬಂದವ್ರೆಲ್ಲಾ ಹಂಗ ಅಂತಾರ."

"ಮುಂದ ದಾರಿ ಇಲ್ಲೇನು?"

"ಇಲ್ಲ."

"ಮೊದಲ ಇತ್ತಲ್ಲ."

"ಇತ್ತು."

ಫೋನು ಇನ್ನೊಮ್ಮೆ ಮುಂದೆ ಸಾಗಲು ಹೇಳಿತು. ಬಾಳವ್ವ ಅದರ ಬಾಯಿ ಮುಚ್ಚಿಸುವುದು ಹೇಗೆಂದು ತಿಳಿಯದೆ ಅಂಗೈಯಿಂದ ಮುಚ್ಚಿ ಹಿಡಿದಳು. ಫಕೀರಪ್ಪ ಬೇರೆ ಎಲ್ಲ ಅತಿಥಿಗಳಿಗೆ ಹೇಳುವುದನ್ನೇ ಅವಳಿಗೂ ಹೇಳಿದ: "ಒಳಗ ಬಾ. ನೀರ್ ಕುಡಿ. ಗಾದಿ ಹಾಸಿಕೊಡ್ತೀನಿ, ಮುಂಜಾನೆದ್ದು ಹೋಗಿಯಂತ."

"ಹೆಂಗ್ ಇರಲಿ? ಪಲ್ಯ ಮಾಡಿಟ್ಟು ಬಂದೀನಿ. ರೊಟ್ಟಿ ಬಡಿಯೋರ್ ಯಾರದಾರ ಅಲ್ಲಿ?"

ಅವಳು ಹೇಳುತ್ತಿದ್ದಂತೆ ಗೋಡೌನಿನ ಆಚೆಯಿಂದ ಖಾನಾವಳಿಯ ಗಿರಾಕಿಗಳ ಮಾತು ಕೇಳಿಸತೊಡಗಿತು. ಬೆಂಚು ಎಳೆಯುವ ಸದ್ದು. ಬಾಳವ್ವ ಎಲ್ಲಿ ಎಂದು ಯಾರೋ ಕೇಳಿದರು. ಡಬ್ಬಿ ಕೊಡಲು ಹೋದವಳು ಬಂದಿಲ್ಲ ಎಂದು ಇನ್ನಾರೋ ಹೇಳಿದರು. ಅವಳ ಮನೆ ಅಷ್ಟು ಹತ್ತಿರವಿತ್ತು. ಬಾಳವ್ವ ಕಟ್ಟೆಯ ತುದಿಯಲ್ಲಿ ಕೂತಳು. ಫಕೀರಪ್ಪ ಇನ್ನೊಂದು ತುದಿಯಲ್ಲಿ ಕೂತ. ನಾನು ನೀರಿನ ತಂಬಿಗೆ ತಂದು ನಡುವೆ ಇಟ್ಟೆ. ಆಮೇಲೆ ಅಲ್ಲಿಂದ ಹೋಗಬೇಕಿತ್ತು, ಹೋಗಲಿಲ್ಲ.

"ಅವತ್ತ ನಾ ಅಂದಿದ್ದು..." ಎಂದಳು ಬಾಳವ್ವ.

"ಖರೇನ ಅಂದಿದ್ದಿ." ಫಕೀರಪ್ಪನ ದನಿ ಸಣ್ಣಗಿತ್ತು. "ಸುಳ್ಳ ಅಂದಿದ್ರ ಅಷ್ಟ್ ಸಿಟ್ಟ್ ಬರ್ತಿದ್ದಿಲ್ಲ ನನಗ. ಆಕಿ ಏನರ ಕೇಳಿದ್ರ ಹೂಂ ಅಂತಿದ್ದೆ. ಒಂದೀಟ್ ಮಾತು ಬರ್ತಿದ್ದಿಲ್ಲ ಬಾಯಾಗ. ಈಗ ಯಾರ್ಯಾರೋ ಬರ್ತಾರ, ತಾಸುಗಟ್ಟಲೆ ಮಾತಾಡ್ತೀನಿ. ಆಕಿ ಇದ್ದಾಗ ಎಲ್ಲಿ ಹೋಗಿತ್ತೋ ಏನೋ."

ಬಾಳವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಖರೇ ಇದ್ರೂ ಅವತ್ತ ಅನ್ನಬಾರದಿತ್ತು. ಹೆಣದ ಮುಂದ ಅನ್ನೋ ಮಾತಲ್ಲ ಅದು. ನಾ ಹಿರೇಕಿ, ನನಗರ ತಿಳೀಬೇಕಿತ್ತು."

ಗೋಡೆಯಾಚೆ ತಾಟು ಬಡಿಯುವ ಸದ್ದು ಕೇಳಿಸಿತು, ಹಸಿದವರು ತಮಾಷೆಗೆ ಬಡಿಯುವ ಹಾಗೆ. ಫಕೀರಪ್ಪ ಒಳಗೆ ಹೋದ. ಗಾದಿ ತರಲು ಹೋದನೆಂದು ನಾವು ಅಂದುಕೊಂಡೆವು. ತಂದದ್ದು ಬೀಗದ ಕೈ.

"ಕಸ್ತೂರಿ, ಇಲ್ಲಿ ಬಾರವಾ. ಒಂದ್ ಕೈ ಹಚ್ಚು."

ನಾನೊಬ್ಬಳೇ ಅಲ್ಲ, ಓಣಿಯೇ ಕೈ ಹಚ್ಚಿತು. ಉಳಿದ ಗಾದಿಗಳನ್ನು ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಂಡು ಪಡಸಾಲೆಗೆ, ಕಟ್ಟೆಗೆ, ಅಕ್ಕಪಕ್ಕದ ಮನೆಗಳ ಮುಂದಕ್ಕೆ ಸಾಗಿಸಿದೆವು. ಅರಳೆಯ ಧೂಳಿಗೆ ಎಲ್ಲರೂ ಸೀನುತ್ತಿದ್ದರು. ಸುಗಲಾ ಹೊರಗೆ ಒಟ್ಟಿದ ರಾಶಿಯ ಮೇಲೆ ಹತ್ತಿ ಜಿಗಿಯತೊಡಗಿದಳು, ಓಣಿಯ ಬೇರೆ ಮಕ್ಕಳೂ ಅವಳನ್ನು ಸೇರಿಕೊಂಡರು. ಬೀಗ ತೆರೆಯಿತು, ಶಟರು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬಾಳವ್ವ ಗೋಡೆಗೆ ಬಾಯಿ ಹಚ್ಚಿ, "ತಾಟ್ ಬಡೀತೀರಲ್ಲ, ಆ ಕೈಲೇ ಹೊರಗಿಂದ ಈ ಶಟರ್ ಎತ್ರಿ" ಎಂದು ಕೂಗಿದಳು. ಆಚೆ ತಾಟಿನ ಸದ್ದು ನಿಂತಿತು. ಆಮೇಲೆ ಆ ಕಡೆಯಿಂದ ಗಿರಾಕಿಗಳೂ ಈ ಕಡೆಯಿಂದ ನಾವೂ ಕೂಡಿ ಎತ್ತಿದೆವು. ಶಟರು ಕಿರುಗುಟ್ಟುತ್ತ ಮೊಣಕಾಲ ಮಟ್ಟಕ್ಕೆ, ಸೊಂಟದ ಮಟ್ಟಕ್ಕೆ, ತಲೆಯ ಮೇಲಕ್ಕೆ ಹೋಯಿತು. ಸಂಜೆಯ ಬಿಸಿಲು ಸ್ಟೇಷನ್ ರಸ್ತೆಯಿಂದ ಒಳಕ್ಕೆ ಬಂತು.

ಬಾಳವ್ವ ಗಾಡಿ ಹತ್ತಿದಳು. ಬ್ಯಾಟರಿಯ ಗೆರೆ ಕೆಂಪಗೆ ಮಿಣುಕುತ್ತಿತ್ತು. ಫಕೀರಪ್ಪನ ಪಡಸಾಲೆ ದಾಟಿ, ಗೋಡೌನು ದಾಟಿ, ನೇರವಾಗಿ ಮುಂದೆ ಸಾಗಿ ಹೊರಗೆ ನಿಂತಳು. ಅಲ್ಲಿಂದ ಹಿಂದೆ ನೋಡದೆ ಕೇಳಿದಳು: "ನಿಂದು ಊಟ ಆಗೈತೇನ?"

"ಇಲ್ಲ."

"ಮತ್ತ ಏನ್ ನಿಂತಿ ಅಲ್ಲಿ?"

ಹೊರಗೆ ಕಾಲಿಟ್ಟರೆ ಆ ಬಾಗಿಲಿನಿಂದಲೇ ಒಳಗೆ ಬರುವಂತಿಲ್ಲ. ಊರೆಲ್ಲ ಸುತ್ತಿ ಓಣಿಯ ಬಾಯಿಂದ ಬರಬೇಕು. ಸಂದಿ ಮುಚ್ಚಿದಾಗಿನಿಂದ ಫಕೀರಪ್ಪ ಊರನ್ನೇ ನೋಡಿರಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ನನ್ನ ಕಡೆ ತಿರುಗಿ, "ವಾಪಸ್ ಬರೋ ದಾರಿ ನಿನ್ನ ಫೋನಾಗ ತೋರಸ್ತೀಯಲ್ಲವಾ?" ಎಂದ. "ಇವತ್ತ ಅಕ್ಕನ ಮನ್ಯಾಗ ಇರ್ರಿ, ನಾಳೆ ಗಾಡಿ ಮ್ಯಾಲೇ ಊರ್ ಸುತ್ತಿಸಿ ಕರ್ಕೊಂಡ್ ಬರ್ತೀನ್ರಿ, ನಡೀರಿ" ಎಂದೆ. ಅವನು ನಡೆದ.

ನಾನು ಅಡಿವೆಪ್ಪನಿಗೆ ಫೋನು ಮಾಡಿದೆ. ಅವನು ಬೆಳಿಗ್ಗೆ ಓಣಿಯ ಬಾಯಿಂದ ಹೊರಗೆ ಹೋದವನು, ಪಂಪ್‌ಹೌಸಿನಲ್ಲಿ ಹಾಸಿಗೆ ಬಿಚ್ಚುವ ತಯಾರಿಯಲ್ಲಿದ್ದ. ಸ್ಟೇಷನ್ ರಸ್ತೆಯಿಂದ ಬಾ ಎಂದೆ. ಯಾಕೆ ಎಂದು ಕೇಳಿದ. ನಕ್ಷೆ ನೋಡಿಕೊಂಡು ಬಾ, ಅದು ತಪ್ಪು ಹೇಳುವುದಿಲ್ಲ ಎಂದೆ.

ದೀಪ ಹಚ್ಚುವ ಹೊತ್ತಿಗೆ ಅವನು ಬಂದ. ಫಕೀರಪ್ಪನ ಮನೆಯೊಳಗಿಂದ ಸೈಕಲ್ಲು ತಳ್ಳಿಕೊಂಡು, ನೀರಿನ ವಾಲ್ವು ತಿರುಗಿಸುವ ಕಬ್ಬಿಣದ ಸಲಾಕೆಯನ್ನು ಹೆಗಲಿಗಿಟ್ಟುಕೊಂಡು, ತನ್ನದೇ ಓಣಿಯನ್ನು ಹೊಸಬನ ಹಾಗೆ ನೋಡುತ್ತ ಬಂದ. ಸುಗಲಾ ಗಾದಿಯ ರಾಶಿಯಿಂದ ಇಳಿದು ಓಡಿ ಅವನ ಕಾಲು ಹಿಡಿದುಕೊಂಡಳು. ಅವನು ಅವಳನ್ನು ಎತ್ತಿಕೊಂಡು ಮನೆಯೊಳಗೆ ಬಂದು, ನನ್ನ ಎದುರು ನಿಂತ. ನಮ್ಮ ಅಡುಗೆಮನೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಿಂತು ಎಷ್ಟು ಕಾಲವಾಗಿತ್ತೋ. ಇಬ್ಬರಿಗೂ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ.

ಸುಗಲಾ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಅವನ ತೋಳಿನಿಂದ ಜಾರಿ ಇಳಿದು ಮೂಲೆಗೆ ಹೋಗಿ, ನನ್ನ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ತಂದು ನನ್ನ ಮುಂದೆ ಹಿಡಿದಳು. ಅಪ್ಪ ಬಂದರೆ ಅವ್ವ ಹೊರಡಬೇಕು, ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಅಳಲಿಲ್ಲ, ಹಟ ಮಾಡಲಿಲ್ಲ, ಹೊತ್ತಾಗುತ್ತದೆ ಎನ್ನುವವಳ ಹಾಗೆ ಹಿಡಿದು ನಿಂತಳು.

"ಅವ್ವ ಹೋಗಂಗಿಲ್ಲವಾ" ಎಂದ ಅಡಿವೆಪ್ಪ.

ಅವಳು ಅವನನ್ನು ನಂಬಲಿಲ್ಲ. ನಾನು ಹೆಲ್ಮೆಟ್ಟನ್ನು ತೆಗೆದುಕೊಂಡು ಅವಳ ಕೈಗೆ ಎಟುಕದ ಗೂಟಕ್ಕೆ ಹಾಕಿ, ಮೂರು ತಾಟು ಹಾಕಿದೆ.